ಹೊಳೆ ಬಯಲಿನ ಜಮೀನು: ಹೂಳುಮಣ್ಣೋ, ಜೇಡಿಮಣ್ಣೋ?

ಹೊಳೆ ದಡದ ಹತ್ತಿರದ ಜಮೀನು ತಗೊಳ್ಳಲಾ, ಅದರ ಹಿಂದಿನ ತಗ್ಗಿನದಾ ಅಂತ ಕೇಳಿದ್ದೀರಿ. ಮೊದಲು ಒಂದು ಹಿಡಿ ಮಣ್ಣು ಒದ್ದೆ ಮಾಡಿ ಬೆರಳಲ್ಲಿ ಉಜ್ಜಿ ನೋಡಿ. ಹಿಟ್ಟಿನಂತೆ ನುಣುಪಾಗಿದ್ದು ಹೆಚ್ಚು ಅಂಟದಿದ್ದರೆ ಹೂಳು. ಅಂಟಿಕೊಂಡು, ಉದ್ದಕ್ಕೆ ಹೊಸೆಯಲು ಬಂದರೆ ಜೇಡಿ. ನೆರೆ ನೀರು ಹೂಳಿನಂಥ ದಪ್ಪ ಕಣಗಳನ್ನು ದಡದ ಬಳಿಯೇ ಬಿಡುತ್ತದೆ. ಸಣ್ಣ ಜೇಡಿ ಕಣಗಳು ದೂರದ ತಗ್ಗಿಗೆ ಹೋಗಿ ಕೂರುತ್ತವೆ.

ಉಳುಮೆಗೆ ಹೂಳು ಹಗುರ. ಆದರೆ ಬಿತ್ತಿದ ಮೇಲೆ ಜೋರು ಮಳೆ ಬಂದು ಬಿಸಿಲು ಬಿದ್ದರೆ ಮೇಲ್ಪದರ ಹೆಪ್ಪುಗಟ್ಟುತ್ತದೆ. ಮೊಳಕೆ ಅದನ್ನು ಒಡೆದು ಬರಲು ಒದ್ದಾಡುತ್ತದೆ. ಕಣಗಳ ಹಿಡಿತ ಕಡಿಮೆ ಅಲ್ವಾ, ಮಣ್ಣು ಕೊಚ್ಚಿಹೋಗುವುದೂ ಜಾಸ್ತಿ. ಕೊಟ್ಟಿಗೆ ಗೊಬ್ಬರ, ಹೊದಿಕೆ ಬೇಕೇ ಬೇಕು. ಇದನ್ನು ಸುಮ್ನೆ ಹೇಳುತ್ತಿಲ್ಲ.

ಜೇಡಿ ನೀರನ್ನು ಜಾಸ್ತಿ ಹಿಡಿಯುತ್ತದೆ, ಆದರೆ ಎಲ್ಲವನ್ನೂ ಬೇರಿಗೆ ಬಿಟ್ಟುಕೊಡುವುದಿಲ್ಲ. ಬೇರಿಗೆ ಸಿಗುವ ನೀರು ಹೂಳಿನಲ್ಲೇ ಚೆನ್ನಾಗಿರುತ್ತದೆ. ಪೋಷಕಾಂಶ ಹಿಡಿದಿಡುವುದರಲ್ಲಿ ಜೇಡಿಯೇ ಮುಂದು.

ತರಕಾರಿ, ಗೆಡ್ಡೆ ಬೆಳೆಯುವುದಾದರೆ ಹೂಳಿನ ತುಂಡು. ನೀರು ನಿಲ್ಲಿಸಿ ಭತ್ತ ಬೆಳೆಯುವುದಾದರೆ ಜೇಡಿ. ದಡ ಕುಸಿಯುತ್ತಿದ್ದರೆ ಮಾತ್ರ, ಹೂಳು ಎಷ್ಟೇ ಚೆನ್ನಾಗಿದ್ದರೂ ಹಿಂದಿನ ಜಮೀನನ್ನೇ ನೋಡಿ.