ಸ್ಟಾರ್ ಟ್ರೆಕ್ಕೋ, ಗ್ಯಾಲಾಕ್ಟಿಕಾವೋ?
ಬದಿಯಡ್ಕದಲ್ಲಿ ಮಳೆ ಹಿಡಿದರೆ ತೋಟಕ್ಕೆ ಇಳಿಯುವ ಹಾಗಿಲ್ಲ, ಏನಾದ್ರೂ ನೋಡುವ ಅಂತ ಭಾವ ಕೇಳಿದ್ದಕ್ಕೆ ಬಾಹ್ಯಾಕಾಶದ ಕಥೆಯ ಎರಡು ಇಂಗ್ಲಿಷ್ ಧಾರಾವಾಹಿಗಳ ಹೆಸರು ಕೊಟ್ಟೆ. 1987ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’, ಮತ್ತೆ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’. ಹೊಸದು, 1978ರದ್ದಲ್ಲ.

ಸ್ಟಾರ್ ಟ್ರೆಕ್ ಮೊದಲ ಸೀಸನ್ ಸುಮ್ನೆ ಬಿಟ್ಟುಬಿಡಿ. ಐದನೆಯದರ ‘ದಿ ಇನ್ನರ್ ಲೈಟ್’ ನೋಡಿ. ಕ್ಯಾಪ್ಟನ್ ಪಿಕಾರ್ಡ್ ಪ್ರಜ್ಞೆ ತಪ್ಪಿ ಬಿದ್ದಿರುವುದು ಬರೀ 25 ನಿಮಿಷ, ಅಷ್ಟರೊಳಗೆ ಬೇರೊಂದು ಗ್ರಹದಲ್ಲಿ ಹೆಂಡತಿ, ಮಕ್ಕಳು, ಮೊಮ್ಮಗ ಎಲ್ಲ ಕಂಡು ಮುದುಕನಾಗಿರುತ್ತಾನೆ. ಕೊನೆಗೆ ಒಬ್ಬನೇ ನಿಂತು ಕೊಳಲು ನುಡಿಸುತ್ತಾನೆ. ನನಗಂತೂ ಗಂಟಲು ಕಟ್ಟಿತು. ಎಡವಟ್ಟೂ ಉಂಟು: ಏಳನೇ ಸೀಸನ್ನಲ್ಲಿ ಜಾಸ್ತಿ ವೇಗ ಹೋದರೆ ಬಾಹ್ಯಾಕಾಶವೇ ಹಾಳಾಗುತ್ತದೆ ಅಂತ ಹಡಗುಗಳಿಗೆ ವಾರ್ಪ್ 5ರ (ವಾರ್ಪ್ ಅಂದರೆ ಬೆಳಕಿಗಿಂತ ಜಾಸ್ತಿ ವೇಗದ ಅಳತೆ) ಮಿತಿ ಹಾಕುತ್ತಾರೆ, ಒಂದೆರಡು ಸಲ ನೆನಪಿಸಿಕೊಂಡು ಆಮೇಲೆ ಮರೆತೇಬಿಡುತ್ತಾರೆ.

ಗ್ಯಾಲಾಕ್ಟಿಕಾದ ಮೊದಲ ಸೀಸನ್ನಿನ ಮೊದಲ ಕಂತು ‘33’. ಪ್ರತಿ 33 ನಿಮಿಷಕ್ಕೊಮ್ಮೆ ಸೈಲಾನ್ ಅನ್ನುವ ಯಂತ್ರಮಾನವ ಶತ್ರು ಬರುತ್ತಾನೆ, ಐದು ದಿನದಿಂದ ಯಾರಿಗೂ ನಿದ್ದೆ ಇಲ್ಲ. ಅವರ ದಾಳಿಯಲ್ಲಿ ಬದುಕಿದ ಮನುಷ್ಯರ ಲೆಕ್ಕ ಬೋರ್ಡಿನಲ್ಲಿ ಇಳಿಯುತ್ತಲೇ ಇರುತ್ತದೆ, ಕೊನೆಗೆ ಒಂದು ಮಗು ಹುಟ್ಟಿ ಒಂದು ಅಂಕಿ ಏರುತ್ತದೆ. ಅಷ್ಟೇ, ಆದರೆ ಎಂಥ ಏರಿಕೆ! ಇಲ್ಲಿನ ತೂತು ಮಾತ್ರ ದೊಡ್ಡದು. ಸೈಲಾನ್‌ಗಳ ಹತ್ತಿರ ಯೋಜನೆ ಇದೆ ಅಂತ ಶುರುವಿನಲ್ಲೇ ಹೇಳುತ್ತಾರೆ, ಆ ಯೋಜನೆ ಏನು ಅಂತ ಬರೆದವರಿಗೇ ಗೊತ್ತಿದ್ದ ಹಾಗೆ ಕಾಣುವುದಿಲ್ಲ ಅಲ್ವಾ?

ಕರೆಂಟು ಹೋಗಿ ಬರುವ ಮನೆಗೆ ಸ್ಟಾರ್ ಟ್ರೆಕ್ ಸಾಕು, ಒಂದು ಕಂತು ತಪ್ಪಿದರೂ ನಷ್ಟವಿಲ್ಲ. ಭಾವ ಗ್ಯಾಲಾಕ್ಟಿಕಾ ಹಾಕಿದ್ದಾರೆ, ಇನ್ವರ್ಟರ್ ಇದೆಯಲ್ಲ.