‘ಸ್ಕ್ವಿಂಟ್’ ಪದಕ್ಕೆ ಯಾವ ನಿಘಂಟು ತೆರೆಯಬೇಕು?

ನಮ್ಮಲ್ಲಿ ‘ಸ್ಕ್ವಿಂಟ್’ ಅಂದರೆ ಮೆಳ್ಳೆಗಣ್ಣು. ಕಣ್ಣಾಸ್ಪತ್ರೆಯ ಚೀಟಿಯಲ್ಲಿ ಕಾಣುವ ಅರ್ಥ ಅದು, ತಪ್ಪೇನಿಲ್ಲ. ಆದರೆ ಇಂಗ್ಲಿಷ್ ಕತೆ-ಕಾದಂಬರಿಗಳಲ್ಲಿ ಕ್ರಿಯಾಪದವಾಗಿ ಬಂದಾಗ ಅದು ಹೆಚ್ಚಾಗಿ ಹೇಳುವುದು ಬೇರೆಯದನ್ನೇ: ಬಿಸಿಲಿಗೋ ಸಣ್ಣ ಅಕ್ಷರಕ್ಕೋ ಕಣ್ಣು ಕಿರಿದು ಮಾಡಿ ನೋಡುವುದು. ‘ಹೀ ಸ್ಕ್ವಿಂಟೆಡ್ ಅಟ್ ದ ಸನ್’ ಎಂಬುದನ್ನು ‘ಸೂರ್ಯನತ್ತ ಮೆಳ್ಳೆಗಣ್ಣು ಬಿಟ್ಟ’ ಎಂದು ಅನುವಾದಿಸಿದರೆ ಪಾತ್ರಕ್ಕೆ ಇಲ್ಲದ ಕಾಯಿಲೆ ಅಂಟಿಸಿದ ಹಾಗೆ. ಅನುವಾದಕರು, ವಿದ್ಯಾರ್ಥಿಗಳು ಪುಕ್ಕಟೆಯಾಗಿ ಬಳಸಬಹುದಾದ ಮೂರು ಆನ್‌ಲೈನ್ ನಿಘಂಟುಗಳನ್ನು ಈ ಒಂದು ಪದಕ್ಕಾಗಿ ಒರೆಗೆ ಹಚ್ಚಿದ್ದೇವೆ.

ಮೊದಲು ತೆರೆಯಬೇಕಾದ್ದು ಆಕ್ಸ್‌ಫರ್ಡ್ ಲರ್ನರ್ಸ್. ಕ್ರಿಯಾಪದದ ಮೊದಲ ಅರ್ಥವಾಗಿಯೇ ಕಣ್ಣು ಅರೆಮುಚ್ಚಿ ನೋಡುವುದನ್ನು ಕೊಡುತ್ತದೆ. ಬೆಳಕು ತಡೆಯಲು, ಇಲ್ಲವೇ ಸ್ಪಷ್ಟವಾಗಿ ಕಾಣಲು ಎಂಬ ಕಾರಣವನ್ನೂ ಸೇರಿಸುತ್ತದೆ. ಆ ಕಾರಣ ಮುಖ್ಯ. ರೆಪ್ಪೆ ಕಿರಿದಾದಾಗ ಬೆಳಕು ಸಣ್ಣ ಸೀಳಿನಿಂದ ಒಳಹೋಗಿ ಮಸುಕು ಕಡಿಮೆಯಾಗುತ್ತದೆ. ಸಮೀಪದೃಷ್ಟಿಯವರು ಕನ್ನಡಕ ತೆಗೆದೊಡನೆ ಹೀಗೆ ಮಾಡುವುದು ಅದಕ್ಕೇ. (ಅವರ ದೋಷದ ಹೆಸರು ‘ಮಯೋಪಿಯಾ’ ಕೂಡ ‘ಮುಚ್ಚು’, ‘ಕಣ್ಣು’ ಎಂಬ ಎರಡು ಗ್ರೀಕ್ ಮಾತುಗಳಿಂದ ಬಂದದ್ದು.) ಎರಡು ಕಣ್ಣು ಎರಡು ದಿಕ್ಕಿಗೆ ನೋಡುವ ತೊಂದರೆ ನಾಮಪದದಡಿ ಬರುತ್ತದೆ.

ಮೆರಿಯಂ-ವೆಬ್‌ಸ್ಟರ್ ಅಮೆರಿಕದ ನಿಘಂಟು. ಅಮೆರಿಕನ್ನರ ಬಳಕೆಯಲ್ಲಿ ಕಣ್ಣು ಕಿರಿದು ಮಾಡುವುದೇ ಪ್ರಧಾನ, ಹಾಗಾಗಿ ಆ ಅರ್ಥವೇ ಮೇಲಿರುತ್ತದೆ ಅಂದುಕೊಂಡು ಹೋದವರು ಎಡವುತ್ತಾರೆ. ಅಲ್ಲಿ ಅರ್ಥಗಳ ಸಾಲು ಇತಿಹಾಸದ ಕ್ರಮದಲ್ಲಿ ಇರುತ್ತದೆ, ಹಳೆಯದು ಮೊದಲು. ‘ಓರೆಯಾಗಿ’ ಎಂಬರ್ಥದ ಹಳೆಯ ‘ಅಸ್ಕ್ವಿಂಟ್’ ಎಂಬುದರಿಂದ ಕುಗ್ಗಿ ಬಂದ ಪದವಾದ್ದರಿಂದ ಓರೆತನದ ಅರ್ಥಗಳೆಲ್ಲ ಮುಂದೆ. ನಮಗೆ ಬೇಕಾದ್ದು ಕೆಳಗೆ. ಮೊದಲ ಸಾಲು ಓದಿ ಪುಟ ಮುಚ್ಚುವ ಅಭ್ಯಾಸದವರಿಗೆ ಇದು ಸಲ್ಲದು. ಕೊನೆಯವರೆಗೆ ಓದುವವರಿಗೆ ಮಾತ್ರ ಹಬ್ಬ: ಇಂಗ್ಲೆಂಡಿನ ಹಳೆಯ ಚರ್ಚುಗಳಲ್ಲಿ ಪಕ್ಕದಲ್ಲಿ ನಿಂತವರಿಗೂ ಪೂಜಾವೇದಿಕೆ ಕಾಣಲೆಂದು ಗೋಡೆಯಲ್ಲಿ ಓರೆಯಾಗಿ ಕೊರೆದ ಕಿಂಡಿಗೂ ಇದೇ ಹೆಸರು.

ಮೂರನೆಯದು ಅಲರ್. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, 1.5 ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ-ಇಂಗ್ಲಿಷ್ ನಿಘಂಟು. 2019ರಲ್ಲಿ ಮುಕ್ತ ಪರವಾನಗಿಯಡಿ ಎಲ್ಲರಿಗೂ ಸಿಕ್ಕಿತು. ಕನ್ನಡಕ್ಕೆ ಇದು ದೊಡ್ಡ ಉಪಕಾರ. ಇದನ್ನು ಕನ್ನಡದ ಕಡೆಯಿಂದ ಬಳಸಬೇಕು. ಮೆಳ್ಳೆಗಣ್ಣು, ಮಾಲುಗಣ್ಣು, ಓರೆಗಣ್ಣು, ವಾರೆನೋಟ ಎಂದು ಒಂದೊಂದನ್ನೇ ಹಾಕಿ ಹೋಲಿಸಿ: ಮೊದಲೆರಡು ಕಣ್ಣಿನ ದೋಷ, ಕೊನೆಯೆರಡು ಹೆಚ್ಚಾಗಿ ನೋಡುವ ರೀತಿ (‘ಓರೆಗಣ್ಣು’ ದೋಷಕ್ಕೂ ಬಳಕೆಯಾಗುವುದುಂಟು). ಕಣ್ಣು ಕಿರಿದು ಮಾಡುವುದನ್ನು ಕನ್ನಡ ಒಂದೇ ಪದದಲ್ಲಿ ಹೇಳುವುದಿಲ್ಲ. ‘ಕಣ್ಣು ಕಿರಿದು ಮಾಡಿ’, ‘ಕಣ್ಣು ಚಿಕ್ಕದು ಮಾಡಿಕೊಂಡು’ ಎಂದು ಬಿಡಿಸಿ ಹೇಳುತ್ತದೆ. ಹಾಗಾಗಿ ಅದಕ್ಕೆ ಸಮನಾದ ಒಂಟಿ ಪದ ಹುಡುಕುತ್ತ ಕೂರಬೇಡಿ. ‘ಹುಬ್ಬು ಗಂಟಿಕ್ಕಿ’ ಎಂದು ಬರೆಯುವವರಿದ್ದಾರೆ, ಅದು ಸಿಟ್ಟು, ಅಸಮಾಧಾನದ ಮುಖ, ಇಲ್ಲಿ ಹೊಂದುವುದಿಲ್ಲ.

ನಿಘಂಟು ತೆರೆದ ಮೇಲೂ ಗೊಂದಲ ಉಳಿದರೆ ಪದದ ಅಕ್ಕಪಕ್ಕ ನೋಡಿ. ‘ಶೀ ಹ್ಯಾಸ್ ಎ ಸ್ಕ್ವಿಂಟ್’ ಅಂದರೆ ಆಕೆಗೆ ಮೆಳ್ಳೆಗಣ್ಣು. ‘ಹ್ಯಾವ್ ಎ ಸ್ಕ್ವಿಂಟ್ ಅಟ್ ದಿಸ್’ ಅಂದರೆ ‘ಇದನ್ನೊಂದಿಷ್ಟು ನೋಡು’, ಬ್ರಿಟಿಷರ ಸಲಿಗೆಯ ಮಾತು. ಒಂದು ‘ಅಟ್’ ಸೇರಿದ್ದಕ್ಕೆ ಕಾಯಿಲೆ ಹೋಗಿ ಕಣ್ಣೋಟ ಬಂತು. ‘ಸ್ಕ್ವಿಂಟ್’ ಕ್ರಿಯಾಪದವಾಗಿದ್ದು ಮುಂದೆ ‘ಅಟ್’, ‘ಇನ್‌ಟು’, ‘ಅಗೆನ್ಸ್ಟ್’ ಬಂದರೆ ಸಾಮಾನ್ಯವಾಗಿ ಕಣ್ಣು ಕಿರಿದು ಮಾಡುವುದೇ.

ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ‘ಮಗು ಸ್ಕ್ವಿಂಟ್ ಮಾಡುತ್ತೆ’ ಎಂದು ಅಮೆರಿಕದ ವೈದ್ಯರಿಗೆ ಹೇಳಿದರೆ ಮಗು ಕಣ್ಣು ಕಿರಿದು ಮಾಡಿ ನೋಡುತ್ತದೆ ಎಂದು ತಿಳಿದು ಕನ್ನಡಕದ ನಂಬರ್ ಕಡೆ ಯೋಚಿಸಬಹುದು. ಬ್ರಿಟನ್ನಿನಲ್ಲೂ ನಮ್ಮ ಆಸ್ಪತ್ರೆಗಳಲ್ಲೂ ‘ಸ್ಕ್ವಿಂಟ್’ ಅಂದರೆ ಮೆಳ್ಳೆಗಣ್ಣೇ. ಅಮೆರಿಕದಲ್ಲಿ ‘ಸ್ಟ್ರಬಿಸ್ಮಸ್’ ಅನ್ನಿ, ಇಲ್ಲವೇ ಯಾವ ಕಣ್ಣು, ಮೂಗಿನ ಕಡೆಗೋ ಹೊರಗೋ, ಯಾವಾಗಲೂ ಇರುತ್ತದೋ ಆಗಾಗ ಬರುತ್ತದೋ ಎಂದು ಬಿಡಿಸಿ ಹೇಳಿ. ಫೋನಿನಲ್ಲಿ ಎದುರಿನಿಂದ ತೆಗೆದ ಒಂದು ಫೋಟೊ ಜೊತೆಗಿರಲಿ.