ಹಳೆಯ ಫ್ರೆಂಚ್ ರೆಡ್ ವೈನ್: ನನ್ನ ದುಡ್ಡು ಬೋಕಾಸ್ಟೆಲ್‌ಗೇ

ನೂರು ಯೂರೋ ಆಸುಪಾಸು ಕೊಟ್ಟು ಹಳೆಯ ಫ್ರೆಂಚ್ ರೆಡ್ ವೈನ್ ಕೊಳ್ಳುವುದಾದರೆ ನಾನು ಆರಿಸುವುದು ಶಾತೋ ದ ಬೋಕಾಸ್ಟೆಲ್. ಅದರ ಎದುರು ಇಟ್ಟು ಕುಡಿದದ್ದು ಫ್ರಾನ್ಸಿನದೇ ಬೋರ್ಡೋ ಪ್ರಾಂತ್ಯದ ಲೆಯೋವಿಲ್ ಬಾರ್ಟನ್. ಎರಡೂ 2005ರ ಬೆಳೆ, ಎರಡೂ ಹಲವು ದ್ರಾಕ್ಷಿ ತಳಿ ಬೆರೆಸಿ ಮಾಡಿದವು.

ರುಚಿಗಿಂತ ಮೊದಲು ಕಾರ್ಕ್‌ನ ಕಾಟ ಹೇಳಬೇಕು. ಕೊಂಡ ಅಂಗಡಿಯವರು ಬಾಟಲಿಗಳನ್ನು ನಿಲ್ಲಿಸಿಯೇ ಇಟ್ಟಿದ್ದರು. ವೈನ್ ತಾಕದ ಕಾರ್ಕ್ ಒಣಗುತ್ತದೆ. ಸ್ಕ್ರೂ ಹಾಕಿ ಎಳೆದರೆ ಎರಡೂ ಅರ್ಧಕ್ಕೇ ಪುಡಿಯಾದವು. ಉಳಿದ ಚೂರನ್ನು ಒಳಗೆ ತಳ್ಳಿ, ತೆಳು ಬಟ್ಟೆಯಲ್ಲಿ ಸೋಸಬೇಕಾಯಿತು. ವೈನ್ ಮಾತ್ರ ಕೆಟ್ಟಿರಲಿಲ್ಲ.

ಹಳೆಯ ಬಾಟಲಿ ಕೊಳ್ಳುವಾಗ ಕತ್ತಿನಲ್ಲಿ ವೈನ್ ಎಲ್ಲಿಯವರೆಗೆ ಇದೆ ನೋಡಿ. ತುಂಬ ಕೆಳಗಿಳಿದಿದ್ದರೆ ಬೇಡ. ಸ್ಕ್ರೂ ಬದಲು ಎರಡು ತೆಳು ಅಲಗಿನ ಓಪನರ್ ತಗೊಳ್ಳಿ, ಅದು ಕಾರ್ಕನ್ನು ತೂತು ಮಾಡದೆ ಬದಿಯಿಂದ ಹಿಡಿಯುತ್ತದೆ. ಮಲಗಿಸಿಟ್ಟ ಬಾಟಲಿಯನ್ನು ತೆಗೆಯುವ ಹಿಂದಿನ ದಿನ ನಿಲ್ಲಿಸಿ. ಗಸಿ ತಳಕ್ಕೆ ಇಳಿಯುತ್ತದೆ. ಬಗ್ಗಿಸುವಾಗ ಕತ್ತಿನ ಹಿಂದೆ ದೀಪ ಇದ್ದರೆ ಗಸಿ ಬರುವುದು ಕಾಣುತ್ತದೆ, ಅಲ್ಲಿಗೆ ನಿಲ್ಲಿಸಿ.

ಬಾರ್ಟನ್ ಗಟ್ಟಿ ವೈನ್. ಕ್ಯಾಬರ್ನೆ ಸೋವಿನ್ಯೋನ್ ದ್ರಾಕ್ಷಿ ಜಾಸ್ತಿ, ಇಷ್ಟು ವರ್ಷವಾದರೂ ಒಗರು ಹೋಗಿಲ್ಲ. ಡಿಕ್ಯಾಂಟರಿನಲ್ಲಿ, ಅಂದರೆ ಗಾಳಿಯಾಡಲು ವೈನ್ ಬಗ್ಗಿಸಿಡುವ ಗಾಜಿನ ಹೂಜಿಯಲ್ಲಿ, ಬಹಳ ಹೊತ್ತು ಇಟ್ಟ ಮೇಲೆಯೇ ಬಾಯಿಗೆ ಹಿತವಾಯಿತು. ಐರ್ಲೆಂಡ್ ಮೂಲದ ಬಾರ್ಟನ್ ಮನೆತನ 1826ರಲ್ಲಿ ಕೊಂಡ ತೋಟ ಇಂದಿಗೂ ಅವರ ಕೈಯಲ್ಲೇ ಇದೆ. ಈ ವೈನಿಗೆ ತನ್ನದೇ ಬಂಗಲೆ ಇಲ್ಲ, ತಯಾರಾಗುವುದು ಅವರದೇ ಇನ್ನೊಂದು ಎಸ್ಟೇಟಾದ ಲಾಂಗೋವಾದಲ್ಲಿ.

ಬೋಕಾಸ್ಟೆಲ್ ಇರುವುದು ರೋನ್ ನದಿ ಕಣಿವೆಯ ದಕ್ಷಿಣ ಭಾಗದ ಶಾತೋನಫ್ ದ್ಯು ಪಾಪ್ ಎಂಬ ಊರಿನಲ್ಲಿ. ನೆಲದ ತುಂಬ ನುಣುಪಾದ ದೊಡ್ಡ ಕಲ್ಲುಗಳು. ಅಲ್ಲಿ ಸಾಮಾನ್ಯವಾಗಿ ಗ್ರೆನಾಶ್ ತಳಿಯದೇ ದರ್ಬಾರು. ಬೋಕಾಸ್ಟೆಲ್‌ನ ಒಡೆಯರಾದ ಪೆರಾಂ ಮನೆತನದವರು ಮೂರ್ವೆದ್ರ್ ತಳಿಗೂ ಅಷ್ಟೇ ಜಾಗ ಕೊಟ್ಟಿದ್ದಾರೆ, ಊರಿನ ಹದಿಮೂರು ತಳಿಗಳನ್ನೂ ಬೆಳೆಯುತ್ತಾರೆ. ಗ್ರೆನಾಶ್‌ಗೆ ಗಾಳಿ ತಾಗಿದರೆ ಬೇಗ ಮುಪ್ಪು. ಮೂರ್ವೆದ್ರ್ ಅದನ್ನು ತಡೆಯುತ್ತದೆ. ವೈನ್ ಚೆನ್ನಾಗಿ ಮಾಗುವುದು ಇದರಿಂದಲೇ ಎಂದು ನನ್ನ ನಂಬಿಕೆ. ಜಾಕ್ ಪೆರಾಂ ದ್ರಾಕ್ಷಿಯನ್ನು ಸ್ವಲ್ಪ ಹೊತ್ತು 80 ಡಿಗ್ರಿಗೆ ಬಿಸಿ ಮಾಡಿ ತಣಿಸುವ ಪದ್ಧತಿ ತಂದರು. ವೈನ್ ಕೆಡದಂತೆ ಹಾಕುವ ಗಂಧಕ ಕಡಿಮೆ ಸಾಕಾಗಲಿ ಎಂದು. ರಾಸಾಯನಿಕ ಗೊಬ್ಬರ, ಔಷಧಿ ಬಿಟ್ಟದ್ದೂ ಅವರ ಕಾಲದಲ್ಲೇ.

ಲೋಟದಲ್ಲಿ ಒಣ ಅಂಜೂರ, ತೊಗಲು, ಕಾಳುಮೆಣಸು. ಹಳ್ಳಿ ಕೊಟ್ಟಿಗೆಯ ವಾಸನೆಯೂ ಸ್ವಲ್ಪ ಇರುತ್ತದೆ, ಕೆಲವರಿಗೆ ಹಿಡಿಸುವುದಿಲ್ಲ. ನನಗೆ ಬಹಳ ಇಷ್ಟ.

ನಮ್ಮ ಮನೆಯಲ್ಲಿ ವೈನ್ ಇರುವುದು ಊಟದ ಜೊತೆಗೆ. ಮಟನ್ ಸಾರಿಗೆ ಬಾರ್ಟನ್ ಹೊಂದಲಿಲ್ಲ. ಒಗರು, ಖಾರ ಸೇರಿ ನಾಲಿಗೆ ಉರಿಯಿತು. ಬೋಕಾಸ್ಟೆಲ್‌ನಲ್ಲಿ ಆಲ್ಕೋಹಾಲ್ ಜಾಸ್ತಿ, ಅದೂ ಖಾರದ ಉರಿ ಹೆಚ್ಚಿಸುತ್ತದೆ, ಹಾಗಾಗಿ ಅದರ ಜೊತೆಗಿನ ಸಾರಿಗೂ ಒಣಮೆಣಸಿನಕಾಯಿ ಕಡಿಮೆ ಮಾಡಿ, ಕಾಳುಮೆಣಸು ಹೆಚ್ಚಿಸಿ. ಆಗ ಸೊಗಸು. ಖಾರವಿಲ್ಲದ ಸುಟ್ಟ ಮಾಂಸ ತಿನ್ನುವವರು ಬಾರ್ಟನ್ ಕೊಳ್ಳಬಹುದು.

ಅಷ್ಟು ದುಡ್ಡು ಪದೇ ಪದೇ ಹಾಕಲು ನನ್ನಿಂದಾಗದು. ಉಳಿದ ದಿನಗಳಿಗೆ ಪೆರಾಂ ಮನೆತನದ್ದೇ ಕೂದುಲೆ ಎಂಬ ವೈನ್ ಸಾಕು, ಹೆದ್ದಾರಿಯ ಆಚೆ ಬದಿಯ ತೋಟದ್ದು, ಬೆಲೆ ಬಹಳ ಕಡಿಮೆ. ತಂಪು ಜಾಗದಲ್ಲಿ ಮಲಗಿಸಿ ಇಟ್ಟರೆ ಕೆಲವು ವರ್ಷ ಅದೂ ಚೆನ್ನಾಗಿ ಮಾಗುತ್ತದೆ.